ಮಾಂಸ ಬಿಟ್ಟರೂ ಮಸಾಲೆ ಬಿಡಬೇಡಿ

ಮಾಂಸ ಬಿಡಬೇಕೆಂದು ತೀರ್ಮಾನಿಸಿದ ಮನೆಯ ಅಡುಗೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತದೆ. ಇಷ್ಟು ಕಾಲ ಸೋಮವಾರಕ್ಕೋ ಶನಿವಾರಕ್ಕೋ ಮೀಸಲಾಗಿದ್ದ ತಿಳಿಸಾರು, ಪಲ್ಯಗಳನ್ನೇ ವಾರದ ಏಳೂ ದಿನ ಉಣ್ಣುವುದು ಒಂದು ದಾರಿ. ಪೇಟೆಯಿಂದ ಪನೀರನ್ನೋ ಸೋಯಾ ಉಂಡೆಗಳನ್ನೋ ತಂದು, ಕೋಳಿ ಬೀಳುತ್ತಿದ್ದ ಪಾತ್ರೆಗೆ ಕೋಳಿಯ ಬದಲು ಸುರಿಯುವುದು ಇನ್ನೊಂದು. ಮೊದಲನೆಯದು ಬಹುಬೇಗ ಬೇಸರ ತರಿಸುತ್ತದೆ, ಎರಡನೆಯದು ಬಾಯಿಗೆ ಹತ್ತುವುದೇ ಇಲ್ಲ. ಆಮೇಲೆ ನಾಲಗೆಯ ಚಪಲ ಗೆಲ್ಲಲಾಗಲಿಲ್ಲ ಎಂದು ತಮ್ಮನ್ನೇ ಹಳಿದುಕೊಂಡು ಹಳೆಯ ಊಟಕ್ಕೆ ಮರಳುವವರು ಬಹಳ. ಈ ಸೋಲಿನಲ್ಲಿ ಮನೋದಾರ್ಢ್ಯದ ಕೊರತೆ ಎಷ್ಟಿದೆಯೋ ನಾನು ಹೇಳಲಾರೆ, ಆದರೆ ಅಡುಗೆಯ ಲೆಕ್ಕಾಚಾರದ ತಪ್ಪು ಮಾತ್ರ ಧಾರಾಳವಾಗಿದೆ. ಮಾಂಸ ಬಿಡುವವರು ತಮ್ಮ ಅಡುಗೆಮನೆಯನ್ನೇ ಬಿಟ್ಟು ಬೇರೆಯವರ ಅಡುಗೆಮನೆಗೆ ವಲಸೆ ಹೋಗುತ್ತಾರೆ. ಹಾಗೆ ಹೋಗಬೇಕಿಲ್ಲ, ಅವರು ಬಿಟ್ಟು ಹೊರಟ ಆ ಮನೆಯಲ್ಲೇ ಅವರಿಗೆ ಬೇಕಾದ ವಿದ್ಯೆಯಿದೆ ಎಂಬುದು ನನ್ನ ವಾದ.

ಕರ್ನಾಟಕವೆಂದರೆ ಇಡ್ಲಿ, ದೋಸೆ, ಬಿಸಿಬೇಳೆಬಾತಿನ ಸಸ್ಯಾಹಾರಿ ನಾಡು ಎಂಬ ಚಿತ್ರ ಹೋಟೆಲುಗಳಿಂದ ಬಂದದ್ದು. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಇಲ್ಲಿ 15 ವರ್ಷ ದಾಟಿದವರಲ್ಲಿ ಹೆಚ್ಚುಕಡಿಮೆ ಐದರಲ್ಲಿ ನಾಲ್ಕು ಪಾಲು ಜನ ಮಾಂಸಾಹಾರಿಗಳು. ಆದರೆ ಈ ನಾಲ್ಕು ಪಾಲು ಜನ ದಿನವೂ ಮಾಂಸ ಉಣ್ಣುವವರಲ್ಲ. ವಾರದ ದೇವರ ದಿನಗಳು, ಶ್ರಾವಣ, ಶಿವರಾತ್ರಿ, ಅದಕ್ಕಿಂತ ಹೆಚ್ಚಾಗಿ ಕೈಯಲ್ಲಿ ಕಾಸಿಲ್ಲದ ದಿನಗಳು, ಇವೆಲ್ಲ ಸೇರಿ ವರ್ಷದ ಬಹುಪಾಲು ಊಟವನ್ನು ಕಾಳು, ಸೊಪ್ಪು, ಕಾಯಿಗಳಿಗೇ ಬಿಟ್ಟುಕೊಟ್ಟಿವೆ. ಹೀಗಾಗಿ ಮಾಂಸದ ರುಚಿ ಬಲ್ಲ ಕೈಗಳೇ ಮಾಂಸವಿಲ್ಲದ ಅಡುಗೆಯನ್ನೂ ರೂಪಿಸಿವೆ. ಬೆಳ್ಳುಳ್ಳಿ, ಈರುಳ್ಳಿ, ಹುರಿದ ಕೊಬ್ಬರಿ, ಗಸಗಸೆ, ಚಕ್ಕೆ, ಲವಂಗಗಳಿಗೆ ಹೆದರದ ಸಸ್ಯಾಹಾರ ಅದು. ಮಠದ ಪಂಕ್ತಿಯ ಊಟದಲ್ಲೂ ಕಲಿಯಬೇಕಾದ್ದು ಬೇಕಾದಷ್ಟಿದೆ, ಆ ಮಾತಿಗೆ ಮುಂದೆ ಬರುತ್ತೇನೆ. ಆದರೆ ನಾಟಿಕೋಳಿ ಸಾರಿಗೆ ಒಗ್ಗಿದ ನಾಲಗೆಯನ್ನು ಒಂದೇ ರಾತ್ರಿಯಲ್ಲಿ ಮಠದ ಪಂಕ್ತಿಯಲ್ಲಿ ಕೂರಿಸುವುದು ಜಾಣತನವಲ್ಲ.

ಮೊದಲು ಕೇಳಬೇಕಾದ ಪ್ರಶ್ನೆ, ಪಾತ್ರೆಯಲ್ಲಿ ಮಾಂಸ ಏನು ಕೆಲಸ ಮಾಡುತ್ತಿತ್ತು ಎಂಬುದು. ಒಂದಲ್ಲ, ಹಲವು ಕೆಲಸ. ಅದು ಸಾರಿಗೆ ಒಂದು ಬಗೆಯ ಆಳವಾದ ರಸವನ್ನು ಕೊಡುತ್ತಿತ್ತು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಎಂಬ ರಸಾಯನ ವಿಜ್ಞಾನಿ ಕಡಲಪಾಚಿಯ ಸಾರಿನಲ್ಲಿ ಇಂಥ ರುಚಿಯ ಮೂಲ ಹುಡುಕಿದಾಗ ಸಿಕ್ಕಿದ್ದು ಗ್ಲುಟಮೇಟ್. ಮಾಂಸದಲ್ಲಿ ಇದರ ಜೊತೆಗೆ ಇನೋಸಿನೇಟ್ ಎಂಬ ಇನ್ನೊಂದು ವಸ್ತುವೂ ಇದ್ದು, ಎರಡೂ ಕೂಡಿದಾಗ ರುಚಿ ಹಲವು ಪಟ್ಟು ಏರುತ್ತದೆ. ಮಾಂಸದ ಕೊಬ್ಬು ಮಸಾಲೆಯ ಘಮವನ್ನು ಹಿಡಿದಿಟ್ಟುಕೊಳ್ಳುತ್ತಿತ್ತು, ಏಕೆಂದರೆ ಲವಂಗ, ಚಕ್ಕೆ, ಮೆಣಸುಗಳ ಘಮದ ಬಹುಪಾಲು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಎಲುಬು, ನರಗಳಿಂದ ಬಿಟ್ಟುಕೊಂಡ ಜೆಲಟಿನ್ ಸಾರಿಗೆ ತುಟಿಗಂಟುವ ಮಂದವನ್ನು ಕೊಡುತ್ತಿತ್ತು. ಹಲ್ಲಿಗೆ ಜಗಿಯುವ ಕೆಲಸವಿತ್ತು, ಹೊಟ್ಟೆಗೆ ಹೊತ್ತು ಕಳೆದರೂ ಹಸಿಯದ ಭಾರವಿತ್ತು. ಇಷ್ಟನ್ನೂ ಒಬ್ಬನೇ ಮಾಡುತ್ತಿದ್ದ ಆಳು ಕೆಲಸ ಬಿಟ್ಟುಹೋದರೆ, ಅವನ ಜಾಗಕ್ಕೆ ಇನ್ನೊಬ್ಬನನ್ನು ತಂದು ಎಲ್ಲವನ್ನೂ ಅವನ ತಲೆಗೇ ಕಟ್ಟುವುದು ತಪ್ಪು, ಕೆಲಸಗಳನ್ನು ನಾಲ್ಕು ಜನಕ್ಕೆ ಹಂಚಬೇಕು. ಪನೀರಿಗೆ ಜಗಿತವೂ ಇಲ್ಲ, ಆ ಆಳದ ರುಚಿಯೂ ಇಲ್ಲ. ಎಳೆಯ ಹಲಸಿನಕಾಯಿಗೆ ನಾರುನಾರಾದ ಜಗಿತವಿದೆ, ಆದರೆ 100 ಗ್ರಾಮಿಗೆ ಎರಡು ಮೂರು ಗ್ರಾಮಿಗಿಂತ ಹೆಚ್ಚು ಪ್ರೋಟೀನಿಲ್ಲ. ಹುರುಳಿಗೆ ಪ್ರೋಟೀನಿದೆ, ಜಗಿತವಿಲ್ಲ. ಅಣಬೆಗೆ ರಸವಿದೆ, ಭಾರವಿಲ್ಲ. ಮನೆಯಲ್ಲಿ ಪ್ರಯೋಗವೆಂದರೆ ಈ ಹಂಚಿಕೆಯನ್ನು ಸರಿಮಾಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು.

ಈಗ ಅಡುಗೆಯ ತಪ್ಪುಗಳಿಗೆ ಬರೋಣ. ಎಲ್ಲಕ್ಕಿಂತ ದೊಡ್ಡದು ಹೊತ್ತಿನ ತಪ್ಪು. ಕುರಿಮಾಂಸ ಬೇಯಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಅಷ್ಟು ಹೊತ್ತು ರುಬ್ಬಿದ ಮಸಾಲೆಯೂ ಅದರ ಜೊತೆ ಕುದಿಯುತ್ತದೆ, ಹಸಿ ವಾಸನೆ ಹೋಗುತ್ತದೆ, ಎಣ್ಣೆ ಮೇಲೆ ತೇಲುತ್ತದೆ. ಅದೇ ಮಸಾಲೆಗೆ ಅಣಬೆ ಹಾಕಿದರೆ ಹತ್ತು ನಿಮಿಷದಲ್ಲಿ ಒಲೆಯಿಂದ ಇಳಿಸಬೇಕಾಗುತ್ತದೆ. ಅಣಬೆ ಬೆಂದಿದೆ, ಮಸಾಲೆ ಬೆಂದಿಲ್ಲ. ಉಂಡವರು ಅಣಬೆ ರುಚಿಯಿಲ್ಲ ಎನ್ನುತ್ತಾರೆ, ದೋಷ ಮಾತ್ರ ಹಸಿ ಕೊತ್ತಂಬರಿ ಬೀಜದ್ದು, ಬೇಯದ ಈರುಳ್ಳಿಯದ್ದು. ಪರಿಹಾರ ಸರಳ: ಮಸಾಲೆಯನ್ನು ಮೊದಲು ಸಣ್ಣ ಉರಿಯಲ್ಲಿ ಎಣ್ಣೆ ಬಿಡುವ ತನಕ ಬಾಡಿಸಿ, ಬೇಕಾದಷ್ಟು ನೀರು ಹೊಯ್ದು ಕುದಿಸಿ, ತರಕಾರಿಯನ್ನು ಕೊನೆಯಲ್ಲಿ ಸೇರಿಸುವುದು. ಎರಡನೆಯದು ಕೊಬ್ಬಿನ ತಪ್ಪು. ಕುರಿಮಾಂಸದ ಜೊತೆ ತಾನಾಗಿ ಬರುತ್ತಿದ್ದ ಕೊಬ್ಬು ಈಗ ಇಲ್ಲ, ಆದರೂ ಎಣ್ಣೆಯ ಅಳತೆ ಹಳೆಯದೇ ಉಳಿದಿರುತ್ತದೆ. ಎರಡು ಚಮಚ ಕಡಲೆಕಾಯಿ ಎಣ್ಣೆ ಹೆಚ್ಚಿಗೆ ಹಾಕುವುದೋ, ಹುರಿದ ಹುಚ್ಚೆಳ್ಳನ್ನು ಕುಟ್ಟಿ ಬೆರೆಸುವುದೋ, ಗಟ್ಟಿ ಕಾಯಿಹಾಲು ಹೊಯ್ಯುವುದೋ ಮಾಡಿದರೆ ಅದೇ ಮಸಾಲೆ ಬೇರೆಯೇ ಮಾತಾಡುತ್ತದೆ. ಸಸ್ಯಾಹಾರವೆಂದರೆ ಎಣ್ಣೆ ಕಡಿಮೆ ಎಂಬ ನಂಬಿಕೆಯಲ್ಲಿ ಈ ದಾರಿಗೆ ಬಂದವರಿಗೆ ಇದು ರುಚಿಸದು. ಅವರು ತೂಕ ಇಳಿಸುವ ಯೋಜನೆಯನ್ನೂ ಮಾಂಸ ಬಿಡುವ ಯೋಜನೆಯನ್ನೂ ಒಂದೇ ತಿಂಗಳಲ್ಲಿ ಶುರುಮಾಡದಿರುವುದು ಒಳ್ಳೆಯದು.

ಮೂರನೆಯದು ನೀರಿನ ತಪ್ಪು. ಸುಟ್ಟ ಮಾಂಸದ ಪರಿಮಳವೆಂದು ನಾವು ಕರೆಯುವುದು ಪ್ರೋಟೀನೂ ಸಕ್ಕರೆಯೂ ಬಿಸಿಯಲ್ಲಿ ಸೇರಿ ಕಂದುಬಣ್ಣಕ್ಕೆ ತಿರುಗುವಾಗ ಹುಟ್ಟುವ ಪರಿಮಳ. 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ ಇದನ್ನು ವಿವರಿಸಿದ. ಕುದಿಯುವ ನೀರು 100 ಡಿಗ್ರಿ ದಾಟದು, ಈ ಕ್ರಿಯೆ ಚುರುಕಾಗಲು ಅದಕ್ಕಿಂತ ಬಹಳ ಹೆಚ್ಚು ಬಿಸಿ ಬೇಕು. ಆದ್ದರಿಂದ ನೀರು ಬಿಟ್ಟುಕೊಂಡ ಬಾಣಲೆಯಲ್ಲಿ ಏನೂ ಕೆಂಪಗಾಗದು. ಅಣಬೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಅದನ್ನು ಕಾದ ಬಾಣಲೆಗೆ, ಉಪ್ಪಿಲ್ಲದೆ, ಒಂದರ ಮೇಲೊಂದು ಬೀಳದಂತೆ ಹಾಕಿ, ಬಿಟ್ಟ ನೀರೆಲ್ಲ ಆರಿ ಅಂಚು ಕೆಂಪಗಾಗುವವರೆಗೆ ಬಿಟ್ಟು, ಆಮೇಲೆ ಮಸಾಲೆಗೆ ಸೇರಿಸಬೇಕು. ಸೋಯಾ ಉಂಡೆಗೂ ಇದೇ ಮಾತು. ಎಣ್ಣೆ ತೆಗೆದ ಸೋಯಾಹಿಟ್ಟಿನಿಂದ ಮಾಡಿದ ಈ ಒಣ ಪದಾರ್ಥದಲ್ಲಿ ಅರ್ಧದಷ್ಟು ಪ್ರೋಟೀನಿದೆ, ಜೊತೆಗೆ ಹಸಿಕಾಳಿನ ಒಂದು ವಾಸನೆಯೂ ಇದೆ. ಉಪ್ಪುನೀರಿನಲ್ಲಿ ಕುದಿಸಿ, ಹಿಂಡಿ, ಮತ್ತೆ ತಣ್ಣೀರಿನಲ್ಲಿ ತೊಳೆದು ಹಿಂಡಿ, ಎಣ್ಣೆಯಲ್ಲಿ ಹುರಿದರೆ ಆ ವಾಸನೆ ಬಹುಮಟ್ಟಿಗೆ ಹೋಗುತ್ತದೆ. ನೇರವಾಗಿ ಸಾರಿಗೆ ಎಸೆದರೆ ಅದು ನೀರು ಕುಡಿದ ಸ್ಪಂಜೇ ಆಗಿ ಉಳಿಯುತ್ತದೆ.

ಇದನ್ನೆಲ್ಲ ಪ್ರಯೋಗಾಲಯದವರು ನಮಗೆ ಕಲಿಸಬೇಕಿರಲಿಲ್ಲ. ಹಳೆ ಮೈಸೂರಿನ ಹಿದುಕಿದ ಅವರೆಬೇಳೆ ಸಾರನ್ನು ನೋಡಿ. ಚಳಿಗಾಲದ ಸೊಗಡು ಅವರೆಯನ್ನು ನೆನೆಸಿ, ಸಿಪ್ಪೆ ಹಿದುಕಿ, ಮಾಂಸದ ಸಾರಿಗೆ ಹಾಕುವ ಮಸಾಲೆಯನ್ನೇ ಹೆಚ್ಚುಕಡಿಮೆ ಹಾಗೆಯೇ ರುಬ್ಬಿ ಹಾಕುತ್ತಾರೆ. ಹುರಿಗಡಲೆ, ಗಸಗಸೆ, ಕೊಬ್ಬರಿಗಳು ಎಲುಬಿನ ಜೆಲಟಿನ್ ಕೊಡುತ್ತಿದ್ದ ಮಂದವನ್ನು ಕೊಡುತ್ತವೆ. ಮುದ್ದೆಯ ಪಕ್ಕದಲ್ಲಿ ಅದು ಯಾವುದರ ನಕಲಿನಂತೆಯೂ ಕಾಣುವುದಿಲ್ಲ. ಹುರುಳಿ ಕಟ್ಟನ್ನು ಬತ್ತಿಸಿ ಬತ್ತಿಸಿ ಮಾಡುವ ಸಾರು, ಬೇಯಿಸಿದ ಕಾಳುಸೊಪ್ಪಿನ ನೀರನ್ನು ಬಸಿದುಕೊಂಡು ಮಾಡುವ ಬಸ್ಸಾರು, ಇವೆರಡೂ ಎಲುಬಿನ ಸಾರಿನ ತತ್ತ್ವವನ್ನೇ ಕಾಳಿಗೆ ಅನ್ವಯಿಸಿದ ಅಡುಗೆಗಳು. ಕೊಡಗಿನಲ್ಲಿ ಮಳೆಗಾಲದ ಕಕ್ಕಡ ಮಾಸದ ಅಡುಗೆ ಎಂದರೆ ಕೆಸುವಿನ ಸೊಪ್ಪು, ಕಳಲೆಯ ಬೈಂಬಳೆ ಕರಿ, ಅಣಬೆಯ ಕುಮ್ಮು ಕರಿ. ಹಂದಿ ಕರಿಗೆ ಹಾಕುವ, ಕಪ್ಪಗಾಗುವವರೆಗೆ ಹುರಿದ ಮೆಣಸು ಜೀರಿಗೆಗಳ ಪುಡಿ ಮತ್ತು ಕಾಚಂಪುಳಿ ಅಣಬೆಗೂ ಸೊಗಸಾಗಿ ಒಗ್ಗುತ್ತವೆ. ಒಂದು ಎಚ್ಚರ ಮಾತ್ರ ಬೇಕು. ಕಾಚಂಪುಳಿಯ ಹುಳಿ ಅಲ್ಲಿದ್ದದ್ದು ಹಂದಿಯ ಕೊಬ್ಬನ್ನು ಕತ್ತರಿಸಲು. ಕೊಬ್ಬಿಲ್ಲದ ಅಣಬೆಗೆ ಅದೇ ಅಳತೆ ಹಾಕಿದರೆ ಬರೀ ಹುಳಿಯೇ ಮುಂದಾಗುತ್ತದೆ, ಅರ್ಧಕ್ಕಿಂತ ಕಡಿಮೆ ಹಾಕಿ ರುಚಿ ನೋಡಿಕೊಂಡು ಏರಿಸಬೇಕು. ಕಳಲೆಯ ವಿಷಯದಲ್ಲಂತೂ ಪ್ರಯೋಗ ಸಲ್ಲದು. ಅದರಲ್ಲಿ ಸಯನೈಡ್ ಬಿಡುವ ಅಂಶವಿರುವುದರಿಂದ ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಚೆನ್ನಾಗಿ ಬೇಯಿಸುವ ಹಿರಿಯರ ಕ್ರಮವನ್ನು ಅಕ್ಷರಶಃ ಪಾಲಿಸಬೇಕು. ಗುರುತು ಗೊತ್ತಿಲ್ಲದ ಕಾಡಣಬೆಯನ್ನು ಮುಟ್ಟದಿರುವುದೂ ಇದೇ ಸಾಲಿಗೆ ಸೇರಿದ ಮಾತು. ಕರಾವಳಿಯಲ್ಲಿ ಕೋಳಿಗೆ ಗಸಿ ಇರುವಂತೆ ಕಡಲೆಗೂ ಗಸಿಯಿದೆ. ಕೊಂಕಣಿ ಮನೆಗಳಲ್ಲಿ ಮೀನಿಗೆ ಬೀಳುವ ತೆಪ್ಪಲಕಾಯಿ ತೊಗರಿಬೇಳೆಗೂ ಬೀಳುತ್ತದೆ. ಮೀನು ಬಿಟ್ಟವರಿಗೆ ಕಡಲ ನೆನಪು ತರಲು ಇದಕ್ಕಿಂತ ಸುಲಭದ ಉಪಾಯ ನನಗೆ ಕಾಣದು.

ಉತ್ತರ ಕರ್ನಾಟಕದ ಲಿಂಗಾಯತ ಮನೆಗಳ ಊಟ ಈ ಚರ್ಚೆಯಲ್ಲಿ ಇನ್ನೊಂದು ಬಗೆಯ ಸಾಕ್ಷ್ಯ. ಅಲ್ಲಿ ಮಾಂಸ ಇಲ್ಲ, ಆದರೆ ಸಪ್ಪೆತನವೂ ಇಲ್ಲ. ಬದನೆಯ ಎಣ್ಣೆಗಾಯಿ, ಮಡಿಕೆಕಾಳು, ಶೇಂಗಾಹಿಂಡಿ, ಗುರೆಳ್ಳುಹಿಂಡಿ, ಅಗಸೆಹಿಂಡಿ, ಕೆಂಪುಖಾರ, ಹಸಿ ಉಳ್ಳಾಗಡ್ಡಿ, ಜೋಳದ ರೊಟ್ಟಿ, ಇವು ದುಡಿದು ಬಂದ ರೈತನ ಹಸಿವಿಗೆ ಎದುರು ನಿಂತ ಪದಾರ್ಥಗಳು. ಕೊಬ್ಬೂ ಪ್ರೋಟೀನೂ ಹಿಂಡಿಯಲ್ಲೇ ಅಡಗಿವೆ. ಇನ್ನು ಮಠದ ಅಡುಗೆಗೆ ಬರುವುದಾಗಿ ಹೇಳಿದ್ದೆ. ಉಡುಪಿಯ ಮಠಗಳ ಚಾತುರ್ಮಾಸ್ಯ ವ್ರತದಲ್ಲಿ ಒಂದು ತಿಂಗಳು ತರಕಾರಿ ವರ್ಜ್ಯ, ಮುಂದಿನ ತಿಂಗಳು ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಇಷ್ಟು ಕಟ್ಟುಗಳ ನಡುವೆಯೂ ಪಂಕ್ತಿಗೆ ಬಡಿಸುವ ಅಡುಗೆ ನಿಲ್ಲುವುದಿಲ್ಲ. ಯಾವುದನ್ನು ಬಿಟ್ಟೆವೋ ಅದರ ಕೆಲಸವನ್ನು ಯಾವುದಕ್ಕೆ ವಹಿಸಬೇಕು ಎಂಬ ಲೆಕ್ಕವನ್ನು ಅಲ್ಲಿಯ ಅಡುಗೆಯವರು ವರ್ಷವರ್ಷವೂ ಬಿಡಿಸುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಮಾಂಸದಡುಗೆಗಳನ್ನು ಸಾದ್ಯಂತ ವಿವರಿಸಿದ. ಹದಿನಾರನೆಯ ಶತಮಾನದ ಆರಂಭದ ಜೈನ ಕವಿ ಮೂರನೆಯ ಮಂಗರಸ ಮಾಂಸದ ಸೋಂಕಿಲ್ಲದ ಸೂಪಶಾಸ್ತ್ರವನ್ನು ಕನ್ನಡ ಪದ್ಯದಲ್ಲಿ ಬರೆದು, ಬದನೆ, ಹಲಸು, ಬಾಳೆ, ಕಳಲೆಗಳ ಅಡುಗೆಗಳನ್ನು ವಿಸ್ತರಿಸಿದ. ಈ ನೆಲದಲ್ಲಿ ಎರಡು ಅಡುಗೆಗಳೂ ಅಷ್ಟೇ ಹಳೆಯವು, ಅಷ್ಟೇ ಗಂಭೀರವಾದವು.

ಇಲ್ಲೊಂದು ಆಕ್ಷೇಪ ಏಳುತ್ತದೆ. ಮಾಂಸ ಬಿಟ್ಟ ಮೇಲೆ ಮಾಂಸದ ರುಚಿಯ ಹಿಂದೆ ಹೋಗುವುದು ಏಕೆ, ಇದು ಬಾಗಿಲಿನಿಂದ ಕಳಿಸಿದ್ದನ್ನು ಕಿಟಕಿಯಿಂದ ಕರೆದುಕೊಳ್ಳುವುದಲ್ಲವೇ ಎಂದು ಕೇಳುವವರಿದ್ದಾರೆ. ಮಾಂಸದ ರುಚಿ ಎಂದು ನಾವು ನೆನಪಿಟ್ಟುಕೊಂಡದ್ದರಲ್ಲಿ ಬಹುಪಾಲು ಮಸಾಲೆಯದ್ದು, ಒಲೆಯದ್ದು. ಬರೀ ಉಪ್ಪುನೀರಿನಲ್ಲಿ ಬೇಯಿಸಿದ ಕೋಳಿಗಾಗಿ ಯಾರೂ ಹಂಬಲಿಸುವುದಿಲ್ಲ. ಲವಂಗ, ಧನಿಯಾ, ಕೊಬ್ಬರಿಗಳು ಸಸ್ಯಗಳೇ ತಾನೆ? ಅವುಗಳ ಮೇಲೆ ಕುರಿಗೆ ಮಾತ್ರ ಹಕ್ಕಿದೆ ಎಂದು ಒಪ್ಪಿಕೊಳ್ಳಬೇಕಾದ ಕಾರಣವಿಲ್ಲ. ಆದರೆ ಆಕ್ಷೇಪದಲ್ಲಿ ಅರ್ಧ ಸತ್ಯವೂ ಇದೆ. ಹಲಸಿನಕಾಯಿಯನ್ನು ಎಲುಬಿನ ಆಕಾರಕ್ಕೆ ಕತ್ತರಿಸಿ, ಕೋಳಿಯೆಂದೇ ಹೆಸರಿಟ್ಟು ಬಡಿಸಿದರೆ, ಉಣ್ಣುವವನು ತುತ್ತುತುತ್ತಿಗೂ ಹೋಲಿಸುತ್ತಾನೆ, ಹೋಲಿಕೆಯಲ್ಲಿ ಹಲಸು ಸೋಲುತ್ತದೆ. ಹಲಸನ್ನು ಹಲಸೆಂದೇ ಕರೆದು ಬಡಿಸುವುದು ಲೇಸು.

ಇನ್ನು ಪೌಷ್ಟಿಕತೆಯ ಆಕ್ಷೇಪ, ಇದು ಹಗುರವಾದದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಧಾನ್ಯವೇ ಹೆಚ್ಚಿರುವ ಊಟವಾದರೆ ಇನ್ನೂ ತುಸು ಹೆಚ್ಚು. 60 ಕಿಲೋ ತೂಕದವರಿಗೆ 50ರಿಂದ 60 ಗ್ರಾಂ ಎಂದಿಟ್ಟುಕೊಳ್ಳಿ. 200 ಗ್ರಾಂ ರಾಗಿಯಿಂದ 14, 75 ಗ್ರಾಂ ಹುರುಳಿಯಿಂದ 16, ಹಾಲು ಮೊಸರು ಸೇರಿ 400 ಮಿಲಿಲೀಟರಿನಿಂದ 13, ಒಂದು ಹಿಡಿ ಕಡಲೆಕಾಯಿಯಿಂದ ಏಳೆಂಟು ಗ್ರಾಂ. ಒಂದಿಷ್ಟು ಅನ್ನ ಸೇರಿದರೆ ಲೆಕ್ಕ ತುಂಬುತ್ತದೆ. ಧಾನ್ಯದಲ್ಲಿ ಕಡಿಮೆಯಿರುವ ಲೈಸೀನ್ ಕಾಳಿನಲ್ಲಿದೆ, ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನೀನ್ ಧಾನ್ಯದಲ್ಲಿದೆ. ಆದರೆ ಗಮನಿಸಿ, ಈ 75 ಗ್ರಾಂ ಒಣ ಹುರುಳಿಯ ಅಳತೆ. ತಿಳಿಸಾರಿನ ತಳದಲ್ಲಿ ಓಡಾಡುವ ನಾಲ್ಕು ಬೇಳೆಯನ್ನು ಪ್ರೋಟೀನೆಂದು ಲೆಕ್ಕ ಹಾಕುವಂತಿಲ್ಲ. ಸಸ್ಯಾಹಾರಿ ಊಟ ಸೊರಗುವುದು ಇಲ್ಲೇ, ಕಾಳನ್ನು ರುಚಿಗೆಂದು ಹಾಕಿ ಹೊಟ್ಟೆಯನ್ನು ಅನ್ನದಿಂದ ತುಂಬಿಸುವಲ್ಲಿ. ಸಸ್ಯಗಳ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಉಸಲಿಯ ಮೇಲೆ ನಿಂಬೆ ಹಿಂಡಿದರೆ ಅದು ಸುಧಾರಿಸುತ್ತದೆ, ಊಟದ ಬೆನ್ನಿಗೇ ಕಾಫಿ ಕುಡಿದರೆ ಕೆಡುತ್ತದೆ. ಬಿ12 ಜೀವಸತ್ತ್ವ ಮಾತ್ರ ಸಸ್ಯಗಳಲ್ಲಿಲ್ಲ. ಮೊಳಕೆಕಾಳಿನಲ್ಲಿದೆ, ಹುದುಗಿದ ಇಡ್ಲಿಹಿಟ್ಟಿನಲ್ಲಿದೆ ಎಂಬ ಮಾತುಗಳನ್ನು ನೆಚ್ಚಿಕೊಳ್ಳಬಾರದು. ಹಾಲು ಮೊಸರು ಚೆನ್ನಾಗಿ ಉಣ್ಣುವವರಿಗೆ ಅದು ಅಷ್ಟಿಷ್ಟು ಸಿಗುತ್ತದೆ, ಹಾಲನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲೇಬೇಕು. ಯಕೃತ್ತಿನಲ್ಲಿ ಇದರ ದಾಸ್ತಾನು ವರ್ಷಗಟ್ಟಲೆ ಬರುವುದರಿಂದ ಕೊರತೆ ತಡವಾಗಿ ತಲೆಹಾಕುತ್ತದೆ. ಮೊದಲ ವರ್ಷ ಏನೂ ಆಗಲಿಲ್ಲ ಎಂಬುದು ಪುರಾವೆಯಲ್ಲ. ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ ಎಂಬ ದೂರು ನಿಜವಾದದ್ದೇ. ರಾತ್ರಿ ನೆನೆಸಿ ಆ ನೀರನ್ನು ಚೆಲ್ಲುವುದು, ಮೊಳಕೆ ಬರಿಸುವುದು, ಪ್ರಮಾಣವನ್ನು ವಾರದಿಂದ ವಾರಕ್ಕೆ ಮೆಲ್ಲಗೆ ಏರಿಸುವುದು, ಇವು ನೆರವಾಗುತ್ತವೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಕಾಳು ಮೆತ್ತಗಾಗುವುದಿಲ್ಲ, ಹುಣಸೆಹುಳಿ ಮೊದಲೇ ಬಿದ್ದರೂ ಅಷ್ಟೇ. ಕಾಳು ಬೆಂದ ಮೇಲೆ ಹುಳಿ ಹಾಕುವ ಹಳೆಯ ಕ್ರಮಕ್ಕೆ ಇದೇ ಕಾರಣ.

ಮಾಂಸ ಬಿಡುವುದಕ್ಕೆ ಕಾರಣಗಳು ನಾನಾ ಬಗೆ: ಪ್ರಾಣಿದಯೆ, ವೈದ್ಯರ ಮಾತು, ಪರಿಸರದ ಚಿಂತೆ, ಹರಕೆ. ಯಾವುದೇ ಇರಲಿ, ನಮ್ಮ ಸಮಾಜದಲ್ಲಿ ಈ ಬದಲಾವಣೆಗೆ ಅಂಟಿಕೊಂಡು ಬರುವ ಒಂದು ಮೇಲುಕೀಳಿನ ಭಾವವಿದೆ, ಅದನ್ನು ಅಡುಗೆಮನೆಯ ಹೊಸ್ತಿಲಲ್ಲೇ ತಡೆಯಬೇಕು. ಮಾಂಸ ಬಿಟ್ಟವನು ಮೇಲಿನ ಮೆಟ್ಟಿಲೇರಿದ, ಉಣ್ಣುವವನು ಕೆಳಗುಳಿದ ಎಂದುಕೊಂಡರೆ ಅದು ಜಾತಿಯ ಹಳೆಯ ಲೆಕ್ಕವೇ. 2021ರ ಕೊನೆಗೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ ಕೊಡಲು ಶುರುಮಾಡಿದಾಗ ಎದ್ದ ವಿರೋಧದಲ್ಲಿ ಈ ಭಾವ ಎದ್ದು ಕಾಣುತ್ತಿತ್ತು. ತನ್ನ ತಟ್ಟೆಯಿಂದ ಮಾಂಸ ತೆಗೆದಿಡುವ ಸ್ವಾತಂತ್ರ್ಯ ಎಲ್ಲರಿಗೂ ಇದೆ, ಬಡಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆಯುವ ಅಧಿಕಾರ ಅದರಿಂದ ಹುಟ್ಟುವುದಿಲ್ಲ.

ಕೊನೆಯ ಆಕ್ಷೇಪ ಅಡುಗೆ ಮಾಡುವವರದ್ದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಮನೆಯಲ್ಲಿ ಒಬ್ಬರು ಮಾಂಸ ಬಿಟ್ಟರೆ ಎರಡು ಅಡುಗೆ ಮಾಡುವ ಹೊರೆ ಬೀಳುವುದು ಸಾಮಾನ್ಯವಾಗಿ ಇನ್ನೊಬ್ಬರ ಮೇಲೆ, ಆ ಇನ್ನೊಬ್ಬರು ಬಹುತೇಕ ಹೆಂಗಸರೇ. ಮಸಾಲೆಯನ್ನು ಉಳಿಸಿಕೊಳ್ಳಿ ಎಂಬ ನನ್ನ ಮಾತಿಗೆ ಇಲ್ಲೂ ಒಂದು ಉಪಯೋಗವಿದೆ: ರುಬ್ಬುವುದು ಒಂದೇ ಸಲ, ಬಾಡಿಸುವುದು ಒಂದೇ ಸಲ. ಎಣ್ಣೆ ಬಿಟ್ಟ ಮಸಾಲೆಯನ್ನು ಎರಡು ಪಾತ್ರೆಗೆ ಹಂಚಿ ಒಂದಕ್ಕೆ ಕೋಳಿ, ಇನ್ನೊಂದಕ್ಕೆ ಅವರೆಯನ್ನೋ ಹುರಿದ ಅಣಬೆಯನ್ನೋ ಹಾಕಿದರಾಯಿತು. ಯುಗಾದಿಯ ಮರುದಿನದ ಹೊಸತೊಡಕಿನಲ್ಲಿ ನೆಂಟರೆಲ್ಲ ಸೇರಿದಾಗಲೂ ಇದು ನಡೆಯುತ್ತದೆ, ಮಾಂಸ ಬಿಟ್ಟವರು ಮೊಸರನ್ನ ಹಿಡಿದು ಮೂಲೆಯಲ್ಲಿ ಕೂರಬೇಕಿಲ್ಲ. ಆದರೂ ಎರಡನೆಯ ಪಾತ್ರೆ ಎರಡನೆಯ ಪಾತ್ರೆಯೇ. ಅದನ್ನು ತೊಳೆಯಬೇಕು, ಹಿಂದಿನ ರಾತ್ರಿ ಕಾಳು ನೆನೆಹಾಕಲು ನೆನಪಿಡಬೇಕು, ಅವರೆ ಹಿದುಕಬೇಕು. ಈ ಕೆಲಸಗಳು ಮಾಂಸ ಬಿಡುವ ತೀರ್ಮಾನ ಮಾಡಿದವರ ಪಾಲಿಗೇ ಬರಲಿ. ಅಡುಗೆ ಬಾರದ ಗಂಡಸರು ಹುರುಳಿಯಿಂದ ಶುರುಮಾಡಬಹುದು. ಅದರಲ್ಲಿ ಕಲ್ಲು ಜಾಸ್ತಿ, ಆರಿಸಲು ಕಣ್ಣೂ ತಾಳ್ಮೆಯೂ ಇದ್ದರೆ ಸಾಕು.